ಮುಂದಿನ ಹಾಯಿ ಸುತ್ತೂ ರೋಲರು

ನಾ ಇಳಕಲ್ಲಿನಾಕಿ, ಮಗ್ಗದ ಸಪ್ಪಳದಾಗ ಹುಟ್ಟಿ ಬೆಳದಾಕಿ. ಅಂಥಾ ನಮ್ಮ ಹಿತ್ತಲದಾಗ ಹಾಯಿದೋಣಿ ಎದ್ದು ನಿಂತಾಗ ಓಣಿ ಮಂದಿ ಎಲ್ಲಾ ಬಂದು ನೋಡಿ ನಕ್ಕು ಹೋದ್ರು. ನಗ್ಲಿ ಬಿಡ್ರಿ. ನನಗೂ ನಗಿ ಬಂದಿತ್ತು, ಆದ್ರ ನಗಿಗಿಂತ ಸಿಟ್ಟ ಭಾಳ ಇತ್ತು.

ಗಂಡನ ಹೆಸರು ಬಾಯಿಲೆ ಹೇಳೂದು ನಮ್ಮಲ್ಲಿ ಪದ್ಧತಿ ಅಲ್ಲ. ಊರ ಮಂದಿ ಅಮಾತೆಪ್ಪ ಅಂತಾರ, ಅಷ್ಟ ಸಾಕು. ಮುಂಬಯಿಯೊಳಗ ಹಾಯಿದೋಣಿ ಕಟ್ಟೂ ಕಾರಖಾನಿಯಾಗ ಹದಿನೆಂಟು ವರ್ಷ ದುಡದ್ರು. ಅವ್ರು ಅಲ್ಲಿ, ನಾ ಇಲ್ಲಿ ಮಗ್ಗದ ಕುಣಿಯಾಗ. ವರ್ಷಕ್ಕೊಮ್ಮೆ ಪಂಚಮಿಗೆ ಬರೂದು, ಎಂಟು ದಿನ ಇರೂದು, ಹೋಗೂದು. ಎಂಬತ್ಮೂರರಾಗ ಒಂದು ಯಂತ್ರ ಅವ್ರ ಬಲಗೈ ತಿಂತು. ಹೆಬ್ಬಟ್ಟು, ತೋರಬಟ್ಟು, ಎರಡ ಉಳದ್ವು. ಆವಾಗ ಖಾಯಂ ಮನಿಗೆ ಬಂದ್ರು. ಕೈ ಹೋತಂತ ಅತ್ನಿ, ಗಂಡ ಬಂದ್ನಂತ ಒಳಗೊಳಗ ಖುಷಿನೂ ಪಟ್ನಿ. ಪಾಪ ಅಂದ್ರ ಪಾಪ, ಖರೆ ಹೇಳ್ತೇನಿ.

ಆದ್ರ ಅವ್ರ ಜೀವ ಎಲ್ಲಾ ನೀರಾಗ. ನಾರಾಯಣಪುರದ ಡ್ಯಾಮಿನ ಹಿನ್ನೀರು ಆಗ ಹುನಗುಂದ ತಾಲ್ಲೂಕಿನ ಹೊಲಗೋಳ ಮ್ಯಾಲೆ ಬಂದು ನಿಂತಿತ್ತು. ಒಂದಿನ ನೋಡಾಕ ಹೋದಾವ್ರು ಸಂಜೀಕ ತೇಲಿಕೋತ ಬಂದಂಗ ಬಂದ್ರು. "ಬಸವ್ವಾ, ಸಮುದ್ರ ನಮ್ಮ ಮನಿ ತನಕ ಬಂದೈತಿ," ಅಂದ್ರು. ಮರುದಿನಾನ ಬಡಗ್ಯಾರ ಹಣಮಪ್ಪನ್ನ ಕರಕೊಂಡು ಹಿತ್ತಲದಾಗ ದೋಣಿ ಕಟ್ಟಾಕ ಹತ್ತಿದ್ರು. ಎರಡು ಹಾಯಿ, ಒಂದು ಕಂಬದ ಹಿಂದ, ಒಂದು ಮುಂದ. ದೋಣಿ ಮೂತಿ ಕಡೆ ಒಂದು ಸಣ್ಣ ಚಾವಣಿ, ಮಳಿ ಬಂದ್ರ ಒಳಗ ಮಲಗಾಕ. ದಿನಗಟ್ಟಲೆ ನೀರಿನ ಮ್ಯಾಲ ಇರೂ ಹಂಚಿಕಿ ಅವ್ರದು. ನನ್ನ ಮಾತ್ರ ಬರ್ತೀಯೇನು ಅಂತ ಒಮ್ಮೆನೂ ಕೇಳಲಿಲ್ಲ.

ತೊಡಕು ಬಿದ್ದದ್ದು ಮುಂದಿನ ಹಾಯಿಗೆ. ಮುಂಬಯಿಯ ದೋಸ್ತ ಶಾಬುದ್ದೀನ ಒಂದು ಇಂಗ್ಲಿಷ್ ಪುಸ್ತಕ ಕಳಿಸಿದ್ದ, ಚಿತ್ರ ಭಾಳ, ಬರಹ ಕಡಿಮಿ. ಅವ್ರು ಕಟ್ಟಿ ಮ್ಯಾಲ ಕುಂತು ನನಗ ತಿಳಿಸಿ ಹೇಳಿದ್ರು. ಕಂಬದ ತುದಿಯಿಂದ ದೋಣಿ ಮೂತಿಗೆ ಬಿಗದ ತಂತಿಗೆ ಹುಕ್ಕಲೆ ಹಾಯಿ ಸಿಗಿಸಿ ಏರಿಸೂದು ಒಂದು ನಮೂನಿ. ಗಾಳಿ ಜೋರಾದ್ರ ಒಬ್ರು ಚುಕ್ಕಾಣಿ ಹಿಡೀಬೇಕು, ಇನ್ನೊಬ್ರು ದೋಣಿ ಮೂತಿ ತನಕ ತೆವಳಿ ಹೋಗಿ ಇಳಸಬೇಕು. ಇನ್ನೊಂದು ರೋಲರು. ಬುಡಕ ಒಂದು ಗಡಗಡಿ, ಅದಕ್ಕ ಹಗ್ಗ. ಹಿಂದ ಕುಂತಲ್ಲೇ ಹಗ್ಗ ಎಳದ್ರ ಹಾಯಿ ತಾನ ಸುತ್ಕೊತೈತಿ, ಸಡಲ ಬಿಟ್ರ ಬಿಚ್ಕೊತೈತಿ. ರೋಲರಿನಾಗೂ ಎರಡು ತರ. ಸಣ್ಣದು ಪೂರಾ ಬಿಚ್ಚತೈತಿ, ಇಲ್ಲಾ ಪೂರಾ ಸುತ್ತತೈತಿ, ನಡುವ ನಿಲ್ಲೂದಿಲ್ಲ. ದೊಡ್ಡದಕ್ಕ ಉದ್ದಕ್ಕ ಅಲ್ಯೂಮಿನಿಯಂ ಪೈಪು ಇರ್ತೈತಿ, ಗಾಳಿ ಎಷ್ಟೈತಿ ನೋಡಿ ಅಷ್ಟ ಹಾಯಿ ಬಿಡಬಹುದು.

"ಇಲ್ಲಿ ಏನ್ ಬರದಾರ ನೋಡು," ಅಂತ ಬಟ್ಟಿಟ್ಟು, ಮುಂಬಯಿಯಾಗ ಕಲಿತಷ್ಟು ಇಂಗ್ಲಿಷಿಲೆ ಓದಿ ತಿಳಿಸಿದ್ರು. "ಇದೊಂದಿದ್ರ ದೋಣಿಗೆ ಒಬ್ಬನ ಸಾಕು."

ಒಬ್ಬನ ಸಾಕು! ಹದಿನೆಂಟು ವರ್ಷ ಒಬ್ಬನ ಸಾಕಾತಲ್ಲ, ಇನ್ನೂ ಹಸಿವಿ ಹಿಂಗಿಲ್ಲೇನು ಅಂತ ಬಾಯಿ ತನಕ ಬಂತು, ನುಂಗಿದ್ನಿ. ಅವ್ರ ಕೈಲೆ ಬರಿಯಾಕ ಆಗ್ತಿರಲಿಲ್ಲ, ಕಾಗದ ಎಲ್ಲಾ ನಾನ ಬರೀತಿದ್ನಿ, ಏಳನೇತ್ತೆ ಕಲಿತಾಕಿ. ಅವ್ರು ಹೇಳಿದ್ರು, "ದೋಸ್ತಾ, ಪೈಪಿನ ರೋಲರು ಕಳಸು." ನಾ ಬರದದ್ದು, "ದೋಸ್ತಾ, ಹುಕ್ಕ ಕಳಸು." ಹುಕ್ಕ ಇದ್ರ ಇನ್ನೊಬ್ರು ಬೇಕ ಬೇಕು. ದೋಣಿ ಮೂತಿಗೆ ನಾ ತೆವಳೇನು, ನೀರಾಗ ಬಿದ್ರೂ ಬಿದ್ದೇನು, ಆದ್ರ ದಂಡಿ ಮ್ಯಾಲ ನಿಂತು ಕೈ ಬೀಸೂದು ನನ್ನಿಂದ ಇನ್ನ ಆಗಂಗಿಲ್ಲ. ಅವ್ರು ಓದಿ ನೋಡಲಿಲ್ಲ. ನನ್ನ ಮ್ಯಾಲ ಅಷ್ಟು ನಂಬಿಕಿ. ನಾನ ಹೋಗಿ ಟಪಾಲ ಡಬ್ಬಿಗೆ ಹಾಕಿ ಬಂದ್ನಿ.

ಮರುದಿನ ಮುಂಜಾನೆ ಲಾಳಿ ಒಗೀತಿದ್ನಿ, ಹಿತ್ತಲದಾಗ ಗುದ್ದ್ಯಾಟ ಕೇಳಿಸ್ತು. ರೋಲರು ಬರೂದರೊಳಗ ಒಮ್ಮೆ ಪರೀಕ್ಷಾ ಮಾಡೂನು ಅಂತ, ನೇದ ಸೀರಿ ಸುತ್ತೂ ನಮ್ಮ ಹಳೇ ದಿಂಡು ತಗೊಂಡು ಅದಕ್ಕ ಹಾಯಿ ಸುತ್ತಾಕ ಹತ್ತಿದ್ರು ನಮ್ಮವ್ರು. ಕೂಸು ಹುಟ್ಟೂ ಮೊದ್ಲ ಕುಲಾಯಿ! ಅರ್ಧ ಸುತ್ತೂದ್ರೊಳಗ ಎರಡೂ ಅಂಚು ಬಿಗದು ನಡುವಿನ ಅರಿವಿ ಜೋಳಿಗಿ ಆಗಿ ಜೋತಿತ್ತು. "ಹಿಂಗಾದ್ರ ಗಾಳಿ ಒಳಗ ಹೊಕ್ಕು ದೋಣಿ ಹೊಳ್ಳಿಸ್ತೈತಿ," ಅಂತ ಮಾರಿ ಸಣ್ಣದು ಮಾಡ್ಕೊಂಡು ಕುಂತ್ರು.

ಸಿಟ್ಟ ಇತ್ತು ಖರೆ, ಆದ್ರ ಕೆಟ್ಟದಾಗಿ ಸುತ್ತಿದ್ದು ಕಣ್ಣಿಲೆ ನೋಡ್ಕೊಂಡು ನೇಕಾರಾಕಿ ಸುಮ್ನ ಇರಾಕ ಆಗ್ತೈತೇನು?

"ಸರೀರಿ ಅತ್ತಾಗ," ಅಂದ್ನಿ. "ಅಂಚು ದಪ್ಪ ಐತಿ, ನಡು ತೆಳ್ಳಗೈತಿ. ಸೀರಿದೂ ಹಿಂಗ ಆಗ್ತೈತಿ. ನಾವು ಸುತ್ತೂ ಮೊದ್ಲ ನಡುವ ಹಳೇ ಅರಿವಿ ಮಡಚಿ ಕೊಡ್ತೇವಿ." ನನ್ನದ ಒಂದು ಹರಕ ಸೀರಿ ತಂದು, ಹಾಯಿಯ ಮುಂದಿನ ಅಂಚಿಗೆ, ನಟ್ಟನಡುವ ದಪ್ಪಾಗಿ, ತುದಿ ಕಡೆ ಸಣ್ಣಾಗಿ ಮಡಚಿ ಟಾಕಾ ಹಾಕಿದ್ನಿ. ಆಮ್ಯಾಲ ಸುತ್ತಿದ್ರ ಒಂದು ಸುಕ್ಕು ಇಲ್ಲ.

ನಮ್ಮವ್ರು ಹಾಯಿ ಮ್ಯಾಲ ಕೈಯಾಡಿಸಿ ನೋಡಿದ್ರು. ಆಮ್ಯಾಲ ಅಂದ್ರು, "ಅದಕ್ಕ ನೋಡು, ಹಗ್ಗ ನಿನ್ನ ಕಡೆ ಇಟ್ಟೇನಿ."

"ಯಾವ ಹಗ್ಗ?"

ದೋಣಿಯಾಗ ಹತ್ತಿಸಿ ತೋರಿಸಿದ್ರು. ಚುಕ್ಕಾಣಿ ಬಲ್ಲಿ ಅವ್ರ ಹಲಗಿ. ಅದ್ರ ಎದುರಿಗೆ, ಎಡಕ್ಕ, ಇನ್ನೊಂದು ಹಲಗಿ, ಮಗ್ಗದಾಗ ನಾ ಕುಂದ್ರೂ ಎತ್ತರಕ್ಕ ಅಳತಿ ತಗೊಂಡು ಹಾಕಿದ್ದು. ಅದ್ರ ಬಾಜೂಕ ರೋಲರಿನ ಹಗ್ಗ ಬರಾಕ ತೂತು ಕೊರದು, ಕೈ ಕೊಯ್ದೀತಂತ ಅಂಚು ಸೈತ ತಿಕ್ಕಿ ನುಣ್ಣಗ ಮಾಡಿದ್ರು. "ಈ ಎರಡು ಬಟ್ಟಿಲೆ ನನ್ನ ಕೈಲೆ ಹಗ್ಗ ನಿಲ್ಲೂದಿಲ್ಲ. ಹುಕ್ಕಿನ ಹಾಯಿ ಆದ್ರ ನಿನ್ನ ದೋಣಿ ಮೂತಿಗೆ ಕಳಿಸ್ಬೇಕಾಗ್ತೈತಿ. ಈಜು ಬರದಾಕಿನ ಹೆಂಗ ಕಳಿಸ್ಲಿ? ಅದಕ್ಕ ಪೈಪಿಂದು ಆರಿಸಿದ್ನಿ."

ನಾ ಬರದು ಡಬ್ಬಿಗೆ ಹಾಕಿದ ಕಾಗದ ನೆನಪಾತು. ನಿಂತ ನಿಲವಿನಾಗ ಟಪಾಲ ಕಚೇರಿಗೆ ಓಡಿದ್ನಿ. ಟಪಾಲಿನ ಖಾಸಿಂಸಾಬ ಆಗಲೇ ಕಾಗದದ ಥೈಲಿ ಬಸ್ಸಿಗೆ ಹಾಕಿ ಬಂದು ಚಹಾ ಕುಡೀತಿದ್ದ. "ಹ್ವಾದ ಕಾಗದ ಹ್ವಾತವ್ವಾ," ಅಂದ. ಅಲ್ಲೇ ಒಂದು ಇನ್‌ಲ್ಯಾಂಡ್ ತಗೊಂಡು, ನಿಂತಲ್ಲೇ ಬರದ್ನಿ, "ಹುಕ್ಕ ಬ್ಯಾಡಣ್ಣಾ, ಪೈಪಿನ ರೋಲರು ಕಳಸು. ಪೈಪಿಂದ ಕಳಸು." ಮನಿಗೆ ಬಂದು ಏನೂ ಹೇಳಲಿಲ್ಲ. ನಾಚಿಕಿ ಆಗಿತ್ತು ನನಗ.

ಆ ತಿಂಗಳೊಪ್ಪತ್ತು ನಾ ಎಚ್ಚರ ಇದ್ನ್ಯೋ ಕನಸಿನಾಗ ಇದ್ನ್ಯೋ ಗೊತ್ತಿಲ್ಲ. ಮಗ್ಗದಾಗ ಕುಂತ್ರ ಕುಣಿಯಾಗ ಕಾಲ ಬುಡಕ ತಣ್ಣಗ ನೀರು ಹರದಂಗ ಆಗ್ತಿತ್ತು. ನೇದಷ್ಟೂ ಸೀರಿ ನೀರಿನ ಮ್ಯಾಲ ಹಾಸ್ಕೋತ ಹೋಗೂದು, ಅದ್ರ ಬುಡಕ ಜ್ವಾಳದ ಹೊಲ, ಬಂಡಿ ಜಾಡು, ಬಾವಿ ಕಟ್ಟಿ, ಎಲ್ಲಾ ಹಸರ ಹಸರ ಕಾಣೂದು. ನಾವಿಬ್ರೂ ಅದನ್ನೆಲ್ಲಾ ಮ್ಯಾಲಿಂದ ನೋಡ್ಕೋತ ಹೋಗ್ತಿದ್ವಿ, ಮಾತಿಲ್ಲ ಕತಿಯಿಲ್ಲ. ಹಿಂಗ ಹೋಗಿ ಹೋಗಿ ಕನಸಿನ ಕಡೀಕ ಅವ್ರ ಹಲಗಿ ಖಾಲಿ ಇರ್ತಿತ್ತು. ಧಡಕ್ಕನ ಎಚ್ಚರಾಗ್ತಿತ್ತು. ಶಾಬುದ್ದೀನಣ್ಣ ಮೊದಲನೇ ಕಾಗದಾನ ನಂಬಿದ್ರ ಏನ್ ಗತಿ? ಹುಕ್ಕ ಬಂದ್ರ ಅವ್ರು ನನ್ನ ಕರಕೊಂಡು ಹೋಗ್ತಿರಲಿಲ್ಲ, ನಾ ಬರದ ಸುಳ್ಳು ನನ್ನ ಹಲಗಿನ ಕಿತ್ತು ಒಗೀತಿತ್ತು.

ಕಡೀಕೊಂದಿನ ಮಧ್ಯಾಹ್ನ ಮುಂಬಯಿ ಕಡೆಯಿಂದ ಬಂದ ಸಾಮಾನು ಬಸ್ಸಿನ ಟಾಪಿನ ಮ್ಯಾಲ ಬಂತು. ಗೋಣಿ ತಟ್ಟು ಸುತ್ತಿದ ಉದ್ದನ ಪೈಪು, ಗಡಗಡಿ. ನೋಡಿ ಜೀವ ತಂಪಾತು. ಅದ್ರ ಜೋಡಿ ಒಂದು ಸಣ್ಣ ಚೀಲ. ನಮ್ಮವ್ರು ಬಿಚ್ಚಿ ಸುರುವಿದ್ರ ಹಿತ್ತಾಳಿ ಹುಕ್ಕಗೋಳು ಅಂಗೈ ತುಂಬಿದ್ವು. ಒಳಗ ಒಂದು ಚೀಟಿ. ನಿಧಾನಕ ಓದಿದ್ರು:

"ನಿನ್ನ ಮನಿಯಿಂದ ಎರಡು ಕಾಗದ ಬಂದ್ವು. ಅಕ್ಷರ ಒಂದ, ಮಾತು ಎರಡು. ಯಾವುದು ಖರೆ ನನಗ ತಿಳೀಲಿಲ್ಲ, ಎರಡೂ ಕಳಿಸೇನಿ. ಮನಿಯಾಗ ಮಾತಾಡಿ ಆರಿಸ್ಕೊಳ್ರಿ."

ಅವ್ರು ಚೀಟಿ ಮಡಚಿದ್ರು, ನನ್ನ ಮಾರಿ ನೋಡಿದ್ರು. ಮುಚ್ಚಿಡೂದು ಏನೂ ಉಳಿಲಿಲ್ಲ.

"ಹುಕ್ಕ ಯಾಕ ಬರದಿ?"

"ಒಬ್ಬನ ಸಾಕು ಅಂತ ಓದಿದ್ರಲ್ಲ," ಅಂದ್ನಿ. "ಮತ್ತ ನನ್ನ ಬಿಟ್ಟು ಹೋಗ್ತೀರಿ ಅಂತ ಬರದ್ನಿ. ಹದಿನೆಂಟು ವರ್ಷ ನಾ ಹೆಂಗ ಇದ್ನಿ ಅಂತ ಒಂದಿನಾರೆ ಕೇಳೀರೇನು?"

ಕೇಳಿಲ್ಲ ಅಂತ ತಲಿ ಅಲ್ಲಾಡಿಸಿದ್ರು. ಹಿತ್ತಲದ ಕಲ್ಲಿನ ಮ್ಯಾಲ ಕುಂತ್ರು. "ಬರ್ತೀಯೇನು ಅಂತ ಕೇಳಾಕ ಅಂಜಿಕಿ ಇತ್ತು ಬಸವ್ವಾ," ಅಂದ್ರು. "ನೀ ಒಲ್ಲೆ ಅಂದಿದ್ರ? ಅದಕ್ಕ ಮೊದ್ಲ ಹಲಗಿ ಹಾಕಿದ್ನಿ." ಹದಿನೆಂಟು ವರ್ಷ ಇಬ್ರೂ ಒಂದ ಅಂಜಿಕಿ ಇಟ್ಕೊಂಡು ಬಾಳ್ವಿ ಮಾಡಿದ್ವಿ, ಹುಚ್ಚ ಖೋಡಿಗೋಳು.

ದೀಪಾವಳಿ ಆದ ಮ್ಯಾಲ ಟ್ರ್ಯಾಕ್ಟರಿನಾಗ ದೋಣಿ ಹೇರಿಕೊಂಡು ಹಿನ್ನೀರಿಗೆ ಹೋದ್ವಿ. ಹಣಮಪ್ಪ ದಂಡಿ ಮ್ಯಾಲ ಉಳದ. ನಾ ಹಗ್ಗ ಸಡಲ ಬಿಟ್ನಿ, ಮುಂದಿನ ಹಾಯಿ ಒಂದೊಂದ ಸುತ್ತು ಬಿಚ್ಕೋತ ಬೆಳ್ಳಗ ತುಂಬ್ಕೊಂತು. ದೋಣಿ ಸಪ್ಪಳ ಇಲ್ಲದಂಗ ನಡೀತು. ಬುಡಕ ಯಾರದೋ ಹೊಲ, ಮುಳಗಿದ ಬನ್ನಿ ಗಿಡದ ತುದಿ ಮ್ಯಾಲ ಒಂದು ಬೆಳ್ಳಕ್ಕಿ. ನೀರ್ಯಾವುದು, ಮುಗಿಲ್ಯಾವುದು ತಿಳೀವಲ್ದು.

ಹೊತ್ತು ಏರಿದಂಗ ಗಾಳಿನೂ ಏರ್ತು, ದೋಣಿ ಒಂದ ಮಗ್ಗಲಕ್ಕ ವಾಲಿತು. ಅವ್ರು ಏನೂ ಹೇಳೂ ಮೊದ್ಲ ನಾ ಹಗ್ಗ ಎಳದ್ನಿ. ಅರ್ಧ ಹಾಯಿ ಸಾಪಾಗಿ ಸುತ್ಕೊಂತು, ದೋಣಿ ನೆಟ್ಟಗಾತು. ನಮ್ಮವ್ರು ನನ್ನ ಕೈ ನೋಡಿದ್ರು, ಆಮ್ಯಾಲ ದಂಡಿ ಕಡೆ ನೋಡಿದ್ರು. ಹಣಮಪ್ಪ ಜ್ವಾಳದ ಕಾಳಿನಷ್ಟು ಕಾಣ್ತಿದ್ದ.

"ಅಂಜಿಕಿ ಬಂತೇನು? ಹೊಳ್ಳಿ ಹೋಗೂನೇನು?" ಅಂತ ಕೇಳಿದ್ರು.

ಮದಿವ್ಯಾಗಿ ಇಪ್ಪತ್ತು ವರ್ಷದ ಮ್ಯಾಲ ಮೊದಲನೇ ಸಲ ಅವ್ರು ನನ್ನ ಕೇಳಿ ಮುಂದಿನ ದಾರಿ ಹಿಡದಿದ್ರು. ಕಣ್ಣಾಗ ನೀರು ಬಂತು, ಗಾಳಿಗೆ ಅಂತ ತಿಳ್ಕೊಂಡಾರು, ತಿಳ್ಕೊಳ್ಲಿ.

"ನಾ ಏನ್ ಹೊಳ್ಳಿ ಹೋಗಾಕ ಬಂದೇನೇನು?" ಅಂದ್ನಿ. "ನಡಸ್ರಿ."