ಆರು ಹಿಡಿಕೆಯ ಜೋಲಿ

ನಾನೇ ಕೂತು ನೋಡದೆ ಒಂದು ಸೋಫಾವನ್ನೂ ಅಂಗಡಿಯಿಂದ ಹೊರಗೆ ಬಿಟ್ಟವಳಲ್ಲ ನಾನು. ಅರಬರ ದೇಶದ ಈ ಘಾಲಾದಲ್ಲಿ ಹದಿನಾರು ವರ್ಷದಿಂದ ಇದೇ ಕೆಲಸ. ಸೋಫಾ, ಕಾರಿನ ಸೀಟು, ದೋಣಿಯ ಕುಶನ್, ಎಂತದೇ ಇರಲಿ, ಮೊದಲು ಈ ಮೋಹಿನಿ ಕೂತು, ಒರಗಿ, ಮಲಗಿ ನೋಡಬೇಕು. ಎಲ್ಲಿಯಾದರೂ ಚುಚ್ಚಿದರೆ ಬಿಚ್ಚಿ ಮತ್ತೆ ಹೊಲಿಗೆ. ಅಂಗಡಿಯ ಧಣಿ ಶರ್ಫುದ್ದೀನಾಕ ನಮ್ಮ ಉಳ್ಳಾಲದವರು. "ನೀನು ಹೊಲಿಯುವುದಕ್ಕಿಂತ ಮಲಗುವುದೇ ಹೆಚ್ಚು ಮಾರಾಯ್ತಿ" ಅಂತ ತಮಾಷೆ ಮಾಡುತ್ತಾರೆ. ಮಾಡಲಿ. ನನ್ನ ಕುಶನ್ ಒಂದೂ ವಾಪಸ್ ಬಂದದ್ದಿಲ್ಲ.

ಆ ಹೆಸರು ಕೇಳಿಯೇ ತೆರೇಸಾ ನನ್ನನ್ನು ಹುಡುಕಿಕೊಂಡು ಬಂದದ್ದು. ಬಜ್ಪೆಯ ಹುಡುಗಿ. ಬರ್ಕಾ ಕಡೆ ಕಡಲ ಬದಿಯ ಒಂದು ರಿಸಾರ್ಟಿನಲ್ಲಿ ಡಾಲ್ಫಿನ್ ನೋಡಿಕೊಳ್ಳುವ ಕೆಲಸ ಅವಳಿಗೆ. ಬಂದವಳೇ ಕೇಳಿದಳು, "ಮೋಹಿನಿಯಕ್ಕ, ಡಾಲ್ಫಿನ್‌ಗೆ ಮಲಗಲಿಕ್ಕೆ ಒಂದು ಹಾಸಿಗೆ ಮಾಡಿಕೊಡ್ತೀರಾ?"

"ಎಂತದ್ದು? ಮೀನಿಗೆ ಹಾಸಿಗೆಯಾ? ಬಿಸಿಲು ತಲೆಗೆ ಹತ್ತಿತಾ ನಿನಗೆ?"

"ಅದು ಮೀನಲ್ಲ ಅಕ್ಕ. ನಮ್ಮ ಹಾಗೆ ಗಾಳಿಯಲ್ಲೇ ಉಸಿರಾಡುವುದು."

ಅವಳು ಕೂತು ವಿವರಿಸಿದಳು. ಮೂರು ಡಾಲ್ಫಿನ್ ಉಂಟು, ಅದರಲ್ಲಿ ಮುದುಕಿ ಮರ್ಜಾನ. ಶ್ವಾಸಕೋಶಕ್ಕೆ ಸೋಂಕು ಬಂದು ಹೋದ ಮೇಲೆ ಅವಳಿಗೆ ತೇಲುವ ಶಕ್ತಿಯಿಲ್ಲ. ಡಾಲ್ಫಿನ್‌ಗಳು ನಿದ್ದೆಯಲ್ಲೂ ಅರ್ಧ ಎಚ್ಚರ ಇರಬೇಕಂತೆ, ಒಂದು ಕಣ್ಣು ತೆರೆದೇ ಇರುತ್ತದಂತೆ. ಯಾಕೆಂದರೆ ಉಸಿರು ನಮಗೆ ಬಂದ ಹಾಗೆ ತನ್ನಷ್ಟಕ್ಕೆ ಬರುವುದಿಲ್ಲ, ನೆನಪು ಮಾಡಿ ಮಾಡಿ ಮೇಲೆ ಬಂದು ತೆಗೆದುಕೊಳ್ಳಬೇಕು. ಸ್ವಲ್ಪ ಜೊಂಪು ಹತ್ತಿದರೆ ಮರ್ಜಾನ ಮುಳುಗುತ್ತಾಳೆ, ಗಾಬರಿಯಾಗಿ ಬಾಲ ಬಡಿದು ಮೇಲೆ ಬರುತ್ತಾಳೆ, ಮತ್ತೆ ಮುಳುಗುತ್ತಾಳೆ. "ಹೀಗೇ ಹೋದರೆ ಸುಸ್ತಾಗಿಯೇ ಸಾಯ್ತಾಳೆ" ಅಂದಳು ತೆರೇಸಾ, ಮತ್ತೆ ಮುಖ ಆಚೆ ತಿರುಗಿಸಿದಳು.

ನನಗೆ ಪ್ರಾಣಿ ಪಕ್ಷಿ ಅಂತ ದೊಡ್ಡ ಪ್ರೀತಿಯೇನೂ ಇಲ್ಲ. ಆದರೆ ನಿದ್ದೆ ಇಲ್ಲದವರ ಕಷ್ಟ ಗೊತ್ತು. ನನ್ನ ಗಂಡ ತೀರಿಹೋದ ವರ್ಷ ನಾನು ನಾಲ್ಕು ತಿಂಗಳು ಸರಿಯಾಗಿ ಮಲಗಿದವಳಲ್ಲ. ಆಯಿತು ಅಂದೆ.

ಮರುದಿನ ರಿಸಾರ್ಟಿಗೆ ಹೋಗಿ ಅಳತೆ ತೆಗೆದೆ. ಮುಟ್ಟಿ ನೋಡಿದರೆ, ಅಯ್ಯಬ್ಬ, ಸಿಪ್ಪೆ ಸುಲಿದ ಮೊಟ್ಟೆಯ ಹಾಗೆ ಮೈ! ರೆಕ್ಸಿನ್ ಹಾಕಿದರೆ ಕೆಲಸ ಕೆಟ್ಟಿತು, ಒಂದೇ ದಿನದಲ್ಲಿ ಉಜ್ಜಿ ಗಾಯ. ಡೈವಿಂಗ್‌ಗೆ ಹೋಗುವವರು ಹಾಕುವ ಮೆತ್ತನೆಯ ರಬ್ಬರ್ ಬಟ್ಟೆ ತರಿಸಿದೆ. ಮಕ್ಕಳನ್ನು ಮಲಗಿಸುವ ಜೋಲಿಯ ಆಕಾರ, ಎರಡು ಅಂಚಿಗೂ ತೇಲಲಿಕ್ಕೆ ಫೋಮಿನ ಕೊಳವೆ, ಈಜುರೆಕ್ಕೆ ಹೊರಗೆ ಬರಲಿಕ್ಕೆ ಎರಡು ತೂತು. ಹೊಲಿಗೆಯೆಲ್ಲ ಹೊರಮೈಗೆ, ಒಳಗೆ ಒಂದು ದಾರವೂ ತಾಗಬಾರದು.

ಆಮೇಲೆ ನಾನೇ ಅದರಲ್ಲಿ ಮಲಗಿದೆ. ನಗಬೇಡಿ. ಸಸಿಹಿತ್ಲಿನ ಕಡಲ ಬದಿಯಲ್ಲಿ ಹುಟ್ಟಿಯೂ ನನಗೆ ಈಜು ಬರುವುದಿಲ್ಲ. ಚೂಡಿದಾರದಲ್ಲೇ ಆಳವಿಲ್ಲದ ಕೊಳಕ್ಕೆ ಇಳಿದು, ತೆರೇಸಾಳ ಕೈ ಗಟ್ಟಿ ಹಿಡಿದು ಮಲಗಿದೆ. ಕಂಕುಳ ಹತ್ತಿರ ಸ್ವಲ್ಪ ಕಚ್ಚಿತು. ಬಿಚ್ಚಿ ತೂತು ದೊಡ್ಡದು ಮಾಡಿದೆ. ಎರಡನೆಯ ಸಲ ಎಲ್ಲಿಯೂ ಕಚ್ಚಲಿಲ್ಲ.

ಕೊನೆಗೆ ಬದಿಗಳಲ್ಲಿ ಆರು ಹಿಡಿಕೆ ಹೊಲಿದೆ. ಯಾರೂ ಕೇಳಿರಲಿಲ್ಲ. ದೋಣಿಯ ಕುಶನ್ ಮಾಡುವವರ ಅಭ್ಯಾಸ ಅದು, ಹಿಡಿಕೆ ಇಲ್ಲದ ಕುಶನ್ ನಮ್ಮ ಅಂಗಡಿಯಲ್ಲಿ ಇಲ್ಲವೇ ಇಲ್ಲ. ದಪ್ಪ ಬೆಲ್ಟು, ಅಡ್ಡ ಉದ್ದ ನಾಲ್ಕು ಸಾಲು ಹೊಲಿಗೆ.

"ಇದೆಂತಕ್ಕೆ ಅಕ್ಕ?" ತೆರೇಸಾ ಕೇಳಿದಳು.

"ತೊಳೆಯಲಿಕ್ಕೆ ಮೇಲೆ ಎತ್ತುವುದು ಬೇಡವಾ? ಒದ್ದೆ ಆದ ಮೇಲೆ ಭಾರ ಎಷ್ಟಿರ್ತದೆ ಗೊತ್ತುಂಟಾ?" ಅಂದೆ.

ಐದು ದಿನ ಮರ್ಜಾನ ಜೋಲಿಯ ಹತ್ತಿರ ಬರಲಿಲ್ಲ. ಆರನೆಯ ದಿನ ಮೂತಿಯಿಂದ ಒಂದು ಸಲ ನೂಕಿ ನೋಡಿದಳು. ಎಂಟನೆಯ ದಿನ, ಶುಕ್ರವಾರ ರಜೆ, ನಾನು ಅಲ್ಲಿಯೇ ಇದ್ದೆ. ಮೆಲ್ಲ ಒಳಗೆ ಬಂದಳು, ಮೈ ಭಾರ ಬಿಟ್ಟಳು. ಬಾಲ ನಿಂತಿತು. ಗೋಡೆಯ ಕಡೆಯ ಕಣ್ಣು ಮುಚ್ಚಿದಳು, ನಮ್ಮ ಕಡೆಯದು ತೆರೆದೇ ಇತ್ತು. ನಲವತ್ತು ನಿಮಿಷ ಹಾಗೇ ಮಲಗಿದ್ದಳು. ತೆರೇಸಾ ಶಿಲುಬೆಯ ಗುರುತು ಹಾಕಿಕೊಂಡಳು, ನಾನು ಯಾಕೆಂತ ಗೊತ್ತಿಲ್ಲದೆ ಜೋಗುಳದ ಹಾಗೆ ಏನೋ ಗುನುಗಿದೆ. ಸಂತೋಷ ಅಂದರೆ ಸಂತೋಷ, ಅಷ್ಟು ಸಂತೋಷ ನನಗೆ ಈ ದೇಶಕ್ಕೆ ಬಂದ ಮೇಲೆ ಆದದ್ದಿಲ್ಲ.

ಎರಡು ತಿಂಗಳಾದ ಮೇಲೆ ತೆರೇಸಾ ಫೋನ್ ಮಾಡಿ ಹೇಳಿದಳು, "ಈಗ ನನ್ನ ಕಡೆಯ ಕಣ್ಣನ್ನೂ ಮುಚ್ತಾಳೆ ಅಕ್ಕ. ನಾನು ಬದಿಯಲ್ಲಿ ನಿಂತರೆ ಸಾಕು."

ಜೂನ್‌ನಲ್ಲಿ ತೆರೇಸಾ ಅಂಗಡಿಗೆ ಬಂದಳು. ಕೈಯಲ್ಲಿ ಜೋಲಿ, ಸುರುಳಿ ಸುತ್ತಿ ತಂದಿದ್ದಳು. ನೀರು ಆರಿ ಉಪ್ಪು ಬೆಳ್ಳಗೆ ಹಿಡಿದಿತ್ತು. ಹರಿದಿರಬೇಕು ಅಂತ ಬಿಡಿಸಿ ನೋಡಿದೆ. ಎಲ್ಲಿಯೂ ಹರಿದಿರಲಿಲ್ಲ.

"ಎಂತ ಆಯಿತು?"

ರಿಸಾರ್ಟಿನವರು ಕೊಳ ಮುಚ್ಚುತ್ತಾರಂತೆ. ಡಾಲ್ಫಿನ್‌ಗಳನ್ನು ಬೇರೆ ದೇಶದ ಒಂದು ಪಾರ್ಕಿಗೆ ಕೊಟ್ಟಾಗಿದೆ. ಮೊದಲು ಹೋದದ್ದು ಮರ್ಜಾನ. ಮ್ಯಾನೇಜರ್ ಫಾಹಿಮ್ ಜೋಲಿಯ ಹಿಡಿಕೆ ಎಳೆದು ನೋಡಿ, ಬಲೆ ಬೇಡ, ಇದೇ ಸಾಕು ಅಂದರಂತೆ.

"ನನ್ನನ್ನು ಬದಿಯಲ್ಲಿ ನಿಲ್ಲು ಅಂದರು, ನಿಂತೆ" ಅಂದಳು ತೆರೇಸಾ. "ಅವಳು ಯಾವಾಗಿನ ಹಾಗೆ ಬಂದು ಮಲಗಿದಳು. ಕಣ್ಣು ಮುಚ್ಚಿದಳು. ಆರು ಹಿಡಿಕೆಗೆ ಆರು ಕೊಕ್ಕೆ ಹಾಕಿದರು, ಲಾರಿಯ ತೊಟ್ಟಿಗೆ ಇಳಿಸಲಿಕ್ಕೆ ಕ್ರೇನ್ ಎತ್ತಿತು. ಕೆಳಗೆ ನೀರು ಇಲ್ಲ ಅಂತ ಗೊತ್ತಾದಾಗ ಕಣ್ಣು ಬಿಟ್ಟಳು. ನನ್ನನ್ನೇ ನೋಡಿದಳು ಅಕ್ಕ."

"ಒದ್ದಾಡಿದಳಾ?"

"ಇಲ್ಲ. ಒದ್ದಾಡಿದ್ದರೆ ನನಗೆ ಇಷ್ಟು ಬೇಜಾರಾಗ್ತಿರಲಿಲ್ಲ."

ನನಗೆ ಮಂಡೆ ಬೆಚ್ಚ ಆಯಿತು. ಆ ಹುಡುಗಿಗೆ ಬೈದೆ, ಫಾಹಿಮ್‌ನಿಗೆ ಬೈದೆ. ಮತ್ತೆ ಜೋಲಿಯ ಹಿಡಿಕೆ ಎಳೆದು ನೋಡಿದೆ. ಹಿಡಿಕೆ ಹೊಲಿದವಳು ಯಾರು? ನಾನೇ. ಯಾರೂ ಕೇಳದೆ, ನಾಲ್ಕು ಸಾಲು ಹೊಲಿಗೆ ಹಾಕಿ. ಒಂದೇ ಒಂದು ಹಿಡಿಕೆ ಕಿತ್ತು ಬಂದಿದ್ದರೆ ಸಾಕಿತ್ತು, ಅವಳು ನೀರಿಗೇ ಬೀಳುತ್ತಿದ್ದಳು.

ಆಚೆ ಪಾರ್ಕಿನವರಿಗೆ ತೆರೇಸಾ ಎಲ್ಲ ಬರೆದು ಕೊಟ್ಟಿದ್ದಳು. ಅವರೂ ಪಾಪ, ಅಂಥದ್ದೇ ಒಂದು ಜೋಲಿ ಕಟ್ಟಿದರಂತೆ. ಮರ್ಜಾನ ಅದರ ಹತ್ತಿರವೂ ಸುಳಿಯಲಿಲ್ಲ. ಕೊಳದ ಸುತ್ತ ಸುತ್ತಿದಳು, ಎರಡು ಕಣ್ಣೂ ತೆರೆದುಕೊಂಡು. ಹನ್ನೊಂದನೆಯ ದಿನ ಬೆಳಿಗ್ಗೆ ಮುಳುಗಿದವಳು ಮೇಲೆ ಬರಲಿಲ್ಲ. ತೆರೇಸಾ ಫೋನಿನಲ್ಲಿ ಇದನ್ನು ಹೇಳುವಾಗ ನಾನು ಒಂದು ಸ್ಟೂಲಿಗೆ ಫೋಮ್ ಅಂಟಿಸುತ್ತಿದ್ದೆ. ಗೋಂದು ಕೈಯಲ್ಲೇ ಒಣಗಿಹೋಯಿತು.

ಅದೇ ವಾರ ಫಾಹಿಮ್ ಅಂಗಡಿಗೆ ಬಂದರು. ಒಳ್ಳೆಯ ಮನುಷ್ಯ, ಹಿಂದಿಯಲ್ಲಿ ಮೆಲ್ಲಗೆ ಮಾತಾಡುವುದು. ಉಳಿದ ಎರಡಕ್ಕೂ ಅಂಥದ್ದೇ ಜೋಲಿ ಬೇಕು ಅಂದರು. "ನಿಮ್ಮ ಹಿಡಿಕೆ ಬಹಳ ಗಟ್ಟಿ, ಅಮ್ಮಾ" ಅಂತ ಮನಸಾರೆ ಹೊಗಳಿದರು. ನಾನು ಕತ್ತರಿ ಮೇಜಿಗೆ ಎಸೆದು ಹಿಂದಿನ ಕೋಣೆಗೆ ಹೋದೆ. ಶರ್ಫುದ್ದೀನಾಕ ಬಂದವರಿಗೆ ಕುಡಿಯಲಿಕ್ಕೆ ಖಾವಾ ಕೊಟ್ಟು, ಅವಳಿಗೆ ಮೈ ಸರಿಯಿಲ್ಲ ಅಂತ ಹೇಳಿ ಕಳಿಸಿದರು.

ಸಂಜೆ ತೆರೇಸಾ ಬಂದಳು.

"ಹೊಲಿಯುವುದಿಲ್ಲ" ಅಂದೆ ಅವಳು ಬಾಯಿ ತೆರೆಯುವ ಮೊದಲೇ. "ಖಲಾಸ್. ಆ ಕೆಲಸ ನನ್ನ ಕೈಯಿಂದ ಇನ್ನು ಆಗುವುದಿಲ್ಲ."

"ನೀವು ಹೊಲಿಯದಿದ್ದರೂ ಕರಕೊಂಡು ಹೋಗ್ತಾರೆ ಅಕ್ಕ. ಬಲೆ ಹಾಕ್ತಾರೆ. ಹೋದ ವರ್ಷ ನಮ್ಮಲ್ಲಿದ್ದ ಇನ್ನೊಂದು ಗಂಡು ಡಾಲ್ಫಿನನ್ನು ಬಲೆಯಲ್ಲಿ ಹಿಡಿದರು. ಮೂರು ಗಂಟೆ ಕಿರುಚಿತು, ಮತ್ತೆ ಉಸಿರು ಕಟ್ಟಿ ಸತ್ತಿತು. ನಾನು ಕಣ್ಣಾರೆ ನೋಡಿದ್ದು."

"ಹಾಗಾದರೆ ಎಂತ ಮಾಡುವುದು? ಬಲೆಯಲ್ಲೂ ಸಾವು, ಜೋಲಿಯಲ್ಲೂ ಸಾವು?"

"ಈ ಎರಡೂ ಚಿಕ್ಕ ಪ್ರಾಯದವು. ಬದುಕಿದರೂ ಬದುಕಬಹುದು." ಅವಳಿಗೇ ಆ ಮಾತಿನ ಮೇಲೆ ನಂಬಿಕೆ ಇರಲಿಲ್ಲ, ಮುಖ ನೋಡಿದರೆ ಗೊತ್ತಾಗುತ್ತಿತ್ತು. "ಒಳಗೆ ಬಂದು ಮಲಗುವುದನ್ನು ನಾನು ಕಲಿಸ್ತೇನೆ. ಮತ್ತೆ ನಾನೇ ಬದಿಯಲ್ಲಿ ನಿಲ್ತೇನೆ."

ಅದನ್ನು ಹೇಳಿ ಅವಳು ಅತ್ತಳು. ನಾನೂ ಅತ್ತೆ. ಅತ್ತು ಆದ ಮೇಲೆ ಅಳತೆಯ ಚೀಟಿ ಕೊಡು ಅಂದೆ.

ಎರಡು ಜೋಲಿಗೆ ಹನ್ನೆರಡು ದಿನ ಹಿಡಿಯಿತು. ಹಿಡಿಕೆಗೆ ಬಂದಾಗ ಮಿಷನ್ ನಿಲ್ಲಿಸಿದೆ. ಸಡಿಲ ಹೊಲಿಯುವುದಾ ಅಂತ ಅನಿಸಿತು, ಆದರೆ ಮೇಲಿನಿಂದ ಸಿಮೆಂಟಿನ ಮೇಲೆ ಬಿದ್ದರೆ? ಮತ್ತೆ ನಾಲ್ಕು ಸಾಲಿನ ಬದಲು ಐದು ಸಾಲು ಹಾಕಿದೆ.

ಮುಗಿದ ಮೇಲೆ ಅಂಗಡಿಯ ಮಾಡಿನಿಂದ ಇಳಿಬಿದ್ದ ಕೊಂಡಿಗಳಿಗೆ ಒಂದೊಂದರ ಆರು ಹಿಡಿಕೆಯನ್ನೂ ಸಿಕ್ಕಿಸಿ ಹತ್ತಿ ಮಲಗಿದೆ. ನೋಡದೆ ಕೊಡುವ ಅಭ್ಯಾಸ ನನಗಿಲ್ಲ. ಬೆನ್ನು, ಸೊಂಟ, ಕಂಕುಳು, ಎಲ್ಲ ಕಡೆ ಹುಡುಕಿದೆ. ಎಲ್ಲಿಯಾದರೂ ಚುಚ್ಚಲಿ ದೇವರೇ, ಒಂದು ಕಡೆಯಾದರೂ ಚುಚ್ಚಲಿ ಅಂತ ಹುಡುಕಿದೆ. ಎಲ್ಲಿಯೂ ಚುಚ್ಚಲಿಲ್ಲ. ಎಷ್ಟು ಸುಖ ಇತ್ತೆಂದರೆ, ನನಗೆ ಕಣ್ಣು ಮುಚ್ಚಲಿಕ್ಕೆ ಹೆದರಿಕೆಯಾಯಿತು.