ಕಾಣದ ಗಂಡನ ಕೆಮ್ಮು

ಸಿನಿಮಾ ಮುಗಿದದ್ದೇ ತಡ, ನಮ್ಮಿಬ್ಬರಿಗೂ ಜಗಳ ಹತ್ತಿಕೊಂಡಿತು. ಭಾನುವಾರ ಮಧ್ಯಾಹ್ನ ಊಟ ಮುಗಿಸಿ ಟಿವಿ ಮುಂದೆ ಕೂತಿದ್ದೆವು. ಅಂದರೆ, ನೋಡುತ್ತಾ ಕೂತಿದ್ದವರು ನಮ್ಮವರು. ನಾನು ಟಿವಿಗೆ ಬೆನ್ನು ಹಾಕಿ, ಕಿಟಕಿಯ ಬೆಳಕಿನಲ್ಲಿ ಗಿರಾಕಿಗಳ ಅಂಗಿಗೆ ಕಾಜ ಹೊಲಿಯುತ್ತಿದ್ದೆ. ನಾನು ಸಿನಿಮಾ ನೋಡುವುದೇ ಹಾಗೆ, ಕಿವಿಯಲ್ಲಿ. ಮಾತು ಕೇಳಿಯೇ ಕಥೆ ಹಿಡಿದುಬಿಡುತ್ತೇನೆ ಎಂದು ಸ್ವಲ್ಪ ಜಂಬವೂ ಇದೆ.

ಅವತ್ತು ಮನಸ್ಸು ಹಗುರವಾಗಿತ್ತು. ಒಂಟಿಯಾಗಿದ್ದ ನನ್ನ ಅಕ್ಕ ಮರುದಿನ ನಮ್ಮ ಮನೆಗೆ ಬರುವವಳಿದ್ದಳು, ಇನ್ನು ಮುಂದೆ ಇಲ್ಲೇ ಇರಲು. ಬಾಡಿಗೆ ಕೋಣೆಯನ್ನು ಆಗಲೇ ಬಿಟ್ಟುಕೊಟ್ಟಿದ್ದಳು. ಹೋದ ವಾರ ಹೊಲಿಯುತ್ತಲೇ ನಮ್ಮವರನ್ನು ಕೇಳಿದ್ದೆ, "ಅಕ್ಕನ್ನ ಇಲ್ಲಿಗೇ ಕರೆಸ್ಕೊಳ್ಳಲಾ? ನಮ್ ಜೊತೇಲೇ ಇರ್ಲಿ." ಹಿಂದಿನಿಂದ "ಹೂಂ" ಎಂದಿದ್ದರು. ಇಂಥ ಗಂಡ ಎಷ್ಟು ಜನಕ್ಕೆ ಸಿಗುತ್ತಾನೆ ಎಂದು ಒಳಗೊಳಗೇ ಬೀಗಿದ್ದೆ.

ಸಿನಿಮಾ ಬಹಳ ಚೆನ್ನಾಗಿತ್ತು. ಕೊಲೆಯಿಲ್ಲ, ಕಿರುಚಾಟವಿಲ್ಲ, ಹೆದರಿಸುವ ಸಂಗೀತವೂ ಇಲ್ಲ. ಒಬ್ಬ ಹೆಂಗಸು, ಒಂದು ಮನೆ. ಗಂಡನನ್ನು ಕೇಳಿಕೊಂಡು ಯಾರೇ ಫೋನ್ ಮಾಡಲಿ, "ಸ್ನಾನಕ್ಕೆ ಹೋಗಿದ್ದಾರೆ" ಎನ್ನುತ್ತಾಳೆ. ಅಷ್ಟೇ. ಅಷ್ಟಕ್ಕೇ ನಾನು ಬೆರಳಿಗೆ ಸೂಜಿ ಚುಚ್ಚಿಕೊಂಡಿದ್ದೆ.

"ಪಾಪ, ಅವಳ ಗಂಡ ಬಚ್ಚಲಿಂದ ಹೊರಗೇ ಬರ್ಲಿಲ್ವಲ್ಲ ರೀ," ಎಂದೆ, ದಾರ ಕಡಿದು ಅವರ ಕಡೆ ತಿರುಗಿ.

"ಯಾವ ಗಂಡ? ಆ ಮನೇಲಿ ಗಂಡನೇ ಇಲ್ಲ."

"ನಿದ್ದೆ ಹೊಡೆದ್ರಾ? ಉದ್ದಕ್ಕೂ ಕೆಮ್ತಾನೇ ಇದ್ದ. ನೀರು ಸುರ್ಕೊಳ್ತಿದ್ದ, ಏನೋ ಗುನುಗ್ತಿದ್ದ."

"ಬೆನ್ನು ಹಾಕ್ಕೊಂಡು ಕೂತವಳು ನನಗೆ ಸಿನಿಮಾ ಹೇಳ್ಕೊಡ್ತೀಯಾ? ಬಚ್ಚಲ ಬಾಗಿಲು ತೆರೆದೇ ಇತ್ತು ಕಣೇ. ನೆಲ ಒಣಗಿತ್ತು. ಅವಳು ಅದರ ಮುಂದೇನೇ ನಿಂತು ಫೋನಲ್ಲಿ ಮಾತಾಡ್ತಿದ್ಳು. ಎಂಥಾ ಸಿನಿಮಾ ಅಂತೀನಿ!"

ರಿಮೋಟ್ ಕಸಿದುಕೊಂಡು ಹಿಂದಕ್ಕೆ ಓಡಿಸಿದೆ. ಈ ಸಲ ಕಣ್ಣು ಬಿಟ್ಟು ನೋಡಿದೆ. ಅವರು ಹೇಳಿದ್ದು ನಿಜ. ಖಾಲಿ ಬಚ್ಚಲು, ಬೋರಲು ಹಾಕಿದ ಬಕೆಟ್ಟು. ಅದೇ ಹೊತ್ತಿಗೆ ಸ್ಪಷ್ಟವಾಗಿ ಕೆಮ್ಮು. ಮೈ ಜುಮ್ಮೆಂದಿತು. ಆ ಕೆಮ್ಮು ಇದ್ದದ್ದು ಅವಳ ತಲೆಯೊಳಗೆ! ನಿರ್ದೇಶಕ ಯಾರೋ ಪುಣ್ಯಾತ್ಮ, ಬಾಯಿಬಿಟ್ಟು ಏನನ್ನೂ ಹೇಳದೆ ನಮ್ಮನ್ನು ಬೇಸ್ತು ಬೀಳಿಸಿದ್ದ.

"ಅಬ್ಬಾ! ಈಗ ಕೇಳಿಸ್ತಲ್ಲ?"

"ಏನು?"

"ಕೆಮ್ಮು ರೀ!"

ಸೌಂಡ್ ಏರಿಸಿ ಮತ್ತೆ ಹಾಕಿದೆ. ಪಕ್ಕದ ಮನೆಗೂ ಕೇಳಿಸುವ ಹಾಗೆ ಆ ಕಾಣದ ಗಂಡ ಕೆಮ್ಮಿದ. ಕಣ್ಣೆದುರಿನ ನನ್ನ ಗಂಡ ಸುಮ್ಮನೆ ಪರದೆಯನ್ನೇ ದಿಟ್ಟಿಸುತ್ತಿದ್ದರು.

ಅವರ ಕೆಲಸ ಪ್ರಿಂಟಿಂಗ್ ಪ್ರೆಸ್ಸಿನಲ್ಲಿ, ದೊಡ್ಡ ಯಂತ್ರದ ಪಕ್ಕ. ಆ ಗದ್ದಲದಲ್ಲಿ ಒಬ್ಬರಿಗೊಬ್ಬರು ತುಟಿ ನೋಡಿಯೇ ಮಾತಾಡಿಕೊಳ್ಳುತ್ತಾರಂತೆ. ಅದನ್ನು ನಟಿಸಿ ತೋರಿಸಿ ನನ್ನನ್ನು ಎಷ್ಟೋ ಸಲ ನಗಿಸಿದ್ದರು. ಮನೆಯಲ್ಲೂ ಹಾಗೇ ಎಂದು ಮಾತ್ರ ಹೇಳಿರಲಿಲ್ಲ. ನನಗೆ ತಲೆಬುಡ ತಿಳಿಯದಾಯಿತು. ಬಟ್ಟೆಯ ಮೇಲೆ ಕಣ್ಣಿಟ್ಟು ನಾನು ಆಡಿದ ಮಾತೆಲ್ಲ ಎಲ್ಲಿಗೆ ಹೋಯಿತು? ಅವರ ಹೂಂಗಳೆಲ್ಲ ಯಾವುದಕ್ಕೆ? ಇಷ್ಟು ಕಾಲ ನಾನು ಯಾರ ಜೊತೆ ಸಂಸಾರ ಮಾಡಿದೆ? ಅಷ್ಟರಲ್ಲಿ ಅಕ್ಕ ನೆನಪಾದಳು.

ಅಂಗಿಯನ್ನು ಪಕ್ಕಕ್ಕೆಸೆದು ಅವರೆದುರು ಕೂತೆ.

"ಅಕ್ಕ ನಾಳೆ ಬರ್ತಾಳೆ. ಇಲ್ಲೇ ಇರೋಕೆ. ನೀವು ಹೂಂ ಅಂದಿದ್ರಿ."

ಅವರ ಮುಖ ಸಪ್ಪಗಾಯಿತು. "ನೀನು ಹೊಲೀತಾ ಏನಾದ್ರೂ ಕೇಳ್ದಂಗೆ ಅನ್ಸಿದ್ರೆ ಹೂಂ ಅಂತೀನಿ. ಬೇಡ ಅಂದ್ರೆ ಯಾಕೆ ಅಂತೀಯ. ಆಗ ಸಿಕ್ಕಿಬೀಳ್ತೀನಿ."

"ಈಗ ಹೇಳಿ. ಅವಳು ಬರೋದಾ, ಬೇಡವಾ?"

"ಬೇಡ."

ಅವರ ಬಾಯಿಂದ ನಾನು ಕೇಳಿದ ಮೊದಲ ಬೇಡ. ಸಿಟ್ಟು ಬರಬೇಕಿತ್ತು. ಬಂತೋ, ಇಲ್ಲ ಸಮಾಧಾನವೇ ಆಯಿತೋ, ನನಗೇ ಗೊತ್ತಾಗಲಿಲ್ಲ.

"ಯಾಕೆ?"

"ನಿಮ್ಮಕ್ಕ ಮಾತಾಡುವಾಗ ಮುಖ ನೋಡ್ತಾರೆ. ನಾನು ತುಟೀನೇ ನೋಡ್ತಿರೋದು ಕಂಡುಬಿಡುತ್ತೆ. ನನ್ನ ಕಿವಿ ವಿಷಯ ಒಂದೇ ದಿನಕ್ಕೆ ಗೊತ್ತಾಗಿಬಿಡುತ್ತೆ."

ನನ್ನನ್ನು ನೋಯಿಸಲೆಂದು ಹೇಳಿದ್ದಲ್ಲ, ಹೆದರಿ ಹೇಳಿದ್ದು. ಆದರೂ ಕಣ್ಣು ತುಂಬಿ ಬಂತು. ಅದು ಅವರಿಗೆ ಕಾಣಬಾರದೆಂದು ಮುಖ ತಿರುಗಿಸಿಕೊಂಡು, "ಬರ್ಲಿ ಬಿಡಿ ರೀ. ಈ ಮನೇಲಿ ಒಬ್ಬರಿಗಾದ್ರೂ ಗೊತ್ತಾಗ್ಲಿ," ಎಂದೆ.

ಅವರು ಹೂಂ ಎನ್ನುತ್ತಾರೆಂದು ಕಾದೆ. ಎನ್ನಲಿಲ್ಲ. ನನ್ನ ಗದ್ದ ಹಿಡಿದು ಮೆಲ್ಲಗೆ ತಮ್ಮ ಕಡೆ ತಿರುಗಿಸಿಕೊಂಡರು.

"ಇನ್ನೊಂದ್ಸಲ ಹೇಳು," ಎಂದರು. "ಕೇಳಿಸ್ಲಿಲ್ಲ."