ತಣ್ಣಗಿದ್ದಾಗ ಮಾತ್ರ ಬರುವ ಸದ್ದು

"ಒಳಗೆ ಯಾವ ಸದ್ದೂ ಇಲ್ಲ ಡಾಕ್ಟ್ರೇ," ಎಂದ ಮೇಸ್ತ್ರಿ, ಬಾಯಲ್ಲಿ ಕಚ್ಚಿದ್ದ ಉದ್ದನೆಯ ಸ್ಕ್ರೂಡ್ರೈವರನ್ನು ತೆಗೆದು. "ಹಾಲು ಕುಡಿದು ಮಲಗಿದ ಮಗು ಇದ್ದಹಾಗಿದೆ ಇಂಜಿನ್ನು."

ಹಲ್ಲಿನ ಡಾಕ್ಟರು ತಮ್ಮ ಕೆಂಪು ಸ್ಪೋರ್ಟ್ಸ್ ಕಾರನ್ನು ದೈನ್ಯದಿಂದ ನೋಡಿದರು. ಎರಡೇ ಸೀಟಿನ, ನೆಲಕ್ಕೆ ಅಂಟಿದಂತಿದ್ದ ಆ ಹಳೇ ಕಾರನ್ನು ಕೊಂಡ ತಪ್ಪಿಗೆ ಅವರು ಮನೆಯಲ್ಲಿ ಇನ್ನೂ ಬೈಸಿಕೊಳ್ಳುತ್ತಿದ್ದರು. "ಈಗಲೂ ಬರ್ತಿದೆಯಲ್ಲ ಮೇಸ್ತ್ರಿ. ತಣ್ಣಗಿದ್ದಾಗ ಟಿಕ್ ಟಿಕ್ ಅನ್ನುತ್ತೆ, ಕ್ಲಿನಿಕ್ ಮುಟ್ಟೋ ಹೊತ್ತಿಗೆ ಮಾಯ. ಅದಕ್ಕೇ ತಾನೇ ನಿನ್ನೆ ಸಂಜೆಯಿಂದ ಇಲ್ಲೇ ಬಿಟ್ಟಿದ್ದು?"

ಶೆಡ್ಡಿನ ಬಾಗಿಲಲ್ಲಿ ಸ್ಟೂಲಿನ ಮೇಲೆ ಕೂತಿದ್ದ ಮೇಸ್ತ್ರಿಯ ಹೆಂಡತಿಗೆ ಆ ಸದ್ದು ಚೆನ್ನಾಗಿಯೇ ಕೇಳುತ್ತಿತ್ತು. ಆದರೆ ಅವಳಿಗೇಕೆ ಆ ಉಸಾಬರಿ? ಅವಳ ಪಕ್ಕದಲ್ಲಿ ಹೊಲಿಗೆ ಮಷಿನ್ನು ಹಗ್ಗ ಬಿಗಿಸಿಕೊಂಡು ಸಿದ್ಧವಾಗಿ ನಿಂತಿತ್ತು. ಸಂಜೆ ತಂಗಿ ವ್ಯಾನು ಕಳಿಸುತ್ತಾಳೆ. ಊರಿನ ಆ ತುದಿಯಲ್ಲಿ ತಂಗಿಯ ಬಟ್ಟೆ ಅಂಗಡಿ, ಅದರ ಹಿಂದೊಂದು ಕೋಣೆ. ಇನ್ನುಮೇಲೆ ಹೊಲಿಗೆಯೂ ಅಲ್ಲೇ, ಊಟ ನಿದ್ದೆಯೂ ಅಲ್ಲೇ.

ಜಗಳವಾಡಿ ಹೊರಟವಳಲ್ಲ ಅವಳು. ಜಗಳವಾಡಲಾದರೂ ಎದುರಿನವರು ಬಾಯಿ ಬಿಡಬೇಕಲ್ಲ. ಊರೆಲ್ಲ ಇವನನ್ನು ಕಿವಿ ಮೇಸ್ತ್ರಿ ಅನ್ನುತ್ತಿತ್ತು. ಯಾವ ಬೇರಿಂಗ್ ಸವೆದಿದೆ, ಯಾವ ವಾಲ್ವ್ ಸಡಿಲವಾಗಿದೆ ಎಂದು ಬಾನೆಟ್ಟಿಗೆ ತಲೆ ಒಡ್ಡಿಯೇ ಹೇಳಿಬಿಡುವ ಗಂಡಸು. ಅಂಥವನಿಗೆ ಹೆಂಡತಿಯ ಮಾತೊಂದು ಮಾತ್ರ ಕಿವಿಗೆ ಬೀಳುತ್ತಿರಲಿಲ್ಲ. ಏನು ಕೇಳಿದರೂ "ಹೂಂ". ಸೊಂಟ ನೋವು ಅಂದರೂ ಹೂಂ, ಅಕ್ಕಿ ಮುಗಿದಿದೆ ಅಂದರೂ ಹೂಂ. ಕಿವುಡನ ಮುಂದೆ ಕಿನ್ನರಿ ಬಾರಿಸಿದ ಹಾಗಾಯ್ತು ನನ್ನ ಬಾಳು ಎಂದು ತಂಗಿಯ ಮುಂದೆ ಅತ್ತಿದ್ದಳು. ಹೋದ ವಾರ ಅವನು ಪೇಪರು ಓದುತ್ತಿದ್ದಾಗ ಹಿಂದಿನಿಂದ ಬಂದು, "ನಾನು ತಂಗಿ ಹತ್ತಿರ ಹೋಗಿ ಇದ್ದುಬಿಡ್ಲಾ?" ಎಂದು ಕೇಳಿದಳು. ಅದಕ್ಕೂ "ಹೂಂ" ಅಂದ. ಪುಟ ತಿರುವಿದ. ಆಗಲೇ ಅವಳ ಮನಸ್ಸು ಮುರಿದದ್ದು.

ಡಾಕ್ಟರು ಇಂಜಿನ್ ಆಫ್ ಮಾಡಿದರು. "ಇಂಜಿನ್ ಕಾದುಬಿಟ್ಟರೆ ಸದ್ದು ಹೋಗುತ್ತೆ. ಸ್ವಲ್ಪ ಆರಲಿ."

"ಇಲ್ಲಿ ತನಕ ಕೇಳಿಸ್ತಿತ್ತಲ್ಲ ರೀ," ಎಂದಳು ಅವಳು, ತಡೆಯಲಾರದೆ.

ಇಂಜಿನ್ನಿನೊಳಗೆ ಬಗ್ಗಿದ್ದ ಮೇಸ್ತ್ರಿ ತಿರುಗಲಿಲ್ಲ. ಡಾಕ್ಟರು ಮಾತ್ರ "ನೋಡಿ, ನಿಮ್ಮ ಮನೆಯವರಿಗೂ ಕೇಳಿಸಿದೆ" ಎಂದು ಗೆದ್ದವರಂತೆ ನಕ್ಕು, ಫೆಂಡರಿನ ಮೇಲಿದ್ದ ಸ್ಕ್ರೂಡ್ರೈವರನ್ನು ಎತ್ತಿಕೊಂಡರು. ಅದರ ಮರದ ಹಿಡಿಯ ತುಂಬ ಹಲ್ಲಿನ ಗುರುತು. "ಎಲ್ಲರೂ ಇದನ್ನ ಕಿವಿಗೆ ಇಟ್ಕೊಂಡು ಕೇಳ್ತಾರೆ, ನೀವು ಕಚ್ಚಿಕೊಂಡು ಕೇಳ್ತೀರಲ್ಲ ಮೇಸ್ತ್ರಿ? ಹಲ್ಲಿನ ಮೂಲಕ ಸದ್ದು ತಲೆಬುರುಡೆಗೆ ಹೋಗುತ್ತೆ ನಿಜ, ಆದ್ರೆ ಹಲ್ಲು ಮುಕ್ಕಾಗುತ್ತೆ."

ಮೇಸ್ತ್ರಿ ಅದಕ್ಕೂ ತಿರುಗಲಿಲ್ಲ.

ಅವಳು ಎದ್ದು ನಿಂತಳು. ಮದುವೆಯಾದ ಹೊಸತರಲ್ಲಿ ಇವನೂ ಸ್ಕ್ರೂಡ್ರೈವರನ್ನು ಕಿವಿಗೇ ಇಟ್ಟುಕೊಳ್ಳುತ್ತಿದ್ದ. ಅದು ಬಾಯಿಗೆ ಬಂದದ್ದು ಯಾವಾಗ? ಎಲ್ಲರೂ ಕಿರುಚಿಯೇ ಮಾತಾಡುವ ಈ ಶೆಡ್ಡಿನಲ್ಲಿ ಯಾರಿಗೆ ತಾನೇ ಗೊತ್ತಾಗಬೇಕು. ಅವಳು ಮೆಲ್ಲಗೆ ಗಂಡನ ಬೆನ್ನ ಹಿಂದೆ ಬಂದಳು. ಅವನಿಗೆ ಜೀವಕ್ಕಿಂತ ಮೀಸೆ ಹೆಚ್ಚು. ಅದಕ್ಕೆ ಎಣ್ಣೆ ತೀಡದೆ ಹೊರಗೆ ಕಾಲಿಟ್ಟವನಲ್ಲ.

"ರೀ, ನಿಮ್ಮ ಮೀಸೆ ಬೋಳಿಸಿಬಿಡ್ಲಾ?"

"ಹೂಂ," ಎಂದ ಮೇಸ್ತ್ರಿ.

ಡಾಕ್ಟರಿಗೆ ನಗು ಉಕ್ಕಿತು. ಅವಳ ಮುಖ ಕಂಡವರೇ ನಗು ನುಂಗಿಕೊಂಡು, ಕ್ಲಿನಿಕ್ಕಿಗೆ ಹೊತ್ತಾಯಿತೆಂದು ಮೆಲ್ಲಗೆ ಜಾರಿದರು. ಒಳ್ಳೆಯ ಮನುಷ್ಯ.

ಅವಳು ಸುತ್ತಿ ಬಂದು ಗಂಡನ ಎದುರು ನಿಂತು, ತನ್ನ ಕಿವಿ ಮುಟ್ಟಿ ತೋರಿಸಿದಳು. ಮೇಸ್ತ್ರಿ ಕಳ್ಳತನದಲ್ಲಿ ಸಿಕ್ಕಿಬಿದ್ದವನಂತೆ ತಲೆ ತಗ್ಗಿಸಿದ. ಅವಳು ಅವನ ಗದ್ದ ಹಿಡಿದು ಮುಖ ಎತ್ತಿದಳು.

"ನನ್ನ ಹತ್ರನೂ ಮುಚ್ಚಿಡೋದಾ?"

"ಕಿವಿ ಹೋಯ್ತು ಅಂದ್ರೆ ಕಿವಿ ಮೇಸ್ತ್ರಿ ಹತ್ರ ಯಾರು ಗಾಡಿ ತರ್ತಾರೆ?" ಎಂದ ಅವನು ಬಟ್ಟೆಯಲ್ಲಿ ಕೈ ಒರೆಸುತ್ತ. "ನಿನಗೆ ಹೇಳಿದ್ರೆ ಅದು ನಿಜ ಆಗಿಬಿಡುತ್ತೆ ಅನ್ನಿಸ್ತು."

"ಮತ್ತೆ ಏನು ಕೇಳಿದ್ರೂ ಹೂಂ ಅಂತಿದ್ರಲ್ಲ?"

"ಹತ್ತಿರ ಬಂದ್ರೆ ದನಿ ಕೇಳುತ್ತೆ, ಮಾತು ತಿಳಿಯಲ್ಲ. ನೀನು ಕೇಳೋದ್ರಲ್ಲಿ ಬೇಡ ಅನ್ನುವಂಥದ್ದು ಏನಿರುತ್ತೆ? ಅದಕ್ಕೇ ಎಲ್ಲಕ್ಕೂ ಹೂಂ ಅಂದುಬಿಡ್ತಿದ್ದೆ."

ಈ ಪೆದ್ದನ ಮೇಲೆ ಎಷ್ಟು ಸಿಟ್ಟು ಮಾಡಿಕೊಂಡಿದ್ದೆನಲ್ಲ ಎಂದು ಮರುಗಿದಳು, ಹಾಗೆಯೇ ಎರಡು ಬಾರಿಸೋಣ ಎಂದೂ ಅನ್ನಿಸಿತು.

"ಮಷಿನ್ ಯಾಕೆ ಕಟ್ಟಿದೀನಿ ಅಂತ ಗೊತ್ತಾ?"

"ರಿಪೇರಿಗಲ್ವಾ? ನಾನೇ ಮಾಡಿಕೊಡ್ತಿದ್ದೆ. ಕೇಳೋಣ ಅಂದ್ರೆ, ನೀನು ಹೇಳಿದ್ದು ಕೇಳಿಸದಿದ್ರೆ ಅಂತ ಸುಮ್ಮನಾದೆ."

ಅವಳು ನಿಜ ಹೇಳಲಿಲ್ಲ. ಬದಲಿಗೆ ಸೆರಗು ಸಿಕ್ಕಿಸಿಕೊಂಡು ಕಾರಿನ ಕಡೆ ಬೆರಳು ತೋರಿಸಿದಳು. "ಇದು ಕಬ್ಬಿಣ ಬಡಿಯೋ ಸದ್ದಲ್ಲ. ಸೈಕಲ್ ಪಂಪಿನಿಂದ ಗಾಳಿ ಸೋರೋ ಹಾಗೆ, ಚಿಸ್ ಚಿಸ್ ಅಂತ."

ಮೇಸ್ತ್ರಿಯ ಕಣ್ಣರಳಿತು. "ಗಾಳಿಯಾ? ಅದಕ್ಕೇ ಹಲ್ಲಿಗೆ ಸಿಕ್ಕಿಲ್ಲ ನೋಡು." ಗೋಡೆಯ ಮೊಳೆಯಿಂದ ಒಂದು ರಬ್ಬರ್ ಕೊಳವೆ ತಂದು ಒಂದು ತುದಿಯನ್ನು ಅವಳ ಕಿವಿಗೆ ಹಿಡಿಸಿದ, ಇಂಜಿನ್ ಸ್ಟಾರ್ಟ್ ಮಾಡಿದ. ಅವಳು ಇನ್ನೊಂದು ತುದಿಯನ್ನು ಇಂಜಿನ್ನಿನ ಪಕ್ಕದಲ್ಲಿ ಮೆಲ್ಲಗೆ ಆಡಿಸುತ್ತ ಹೋದಳು. ಹೊಗೆ ಕೊಳವೆ ಇಂಜಿನ್ನಿಗೆ ಸೇರುವ ಕಡೆ, ಹಿಂಬದಿಯ ಮೂಲೆಯಲ್ಲಿ, ಕಿವಿಗೆ ಯಾರೋ ಉಗುಳಿದಂತಾಯಿತು. ಅವಳು ಬೆಚ್ಚಿ ಕೈ ಎತ್ತಿದಳು.

"ಸಂದಿಗೆ ಕೊಟ್ಟ ಪ್ಯಾಕಿಂಗ್ ಸೀಳಿಹೋಗಿದೆ," ಎಂದ ಮೇಸ್ತ್ರಿ ಇಂಜಿನ್ ಆರಿಸಿ, ಟಾರ್ಚು ಬಿಟ್ಟು ನೋಡಿ. "ಕಬ್ಬಿಣ ಕಾದು ಹಿಗ್ಗಿದ್ರೆ ಸಂದಿ ಮುಚ್ಚಿಕೊಳ್ಳುತ್ತೆ, ಸದ್ದು ಹೋಗುತ್ತೆ. ಇಷ್ಟೇ. ನಾನು ನಾಳೆ ಇಡೀ ಇಂಜಿನ್ ಬಿಚ್ಚೋನಿದ್ದೆ."

ಬಿಸಿ ಆರುವ ತನಕ ಇಬ್ಬರೂ ಬಾಗಿಲಲ್ಲಿ ಕೂತರು. ಅವಳು ಎದುರು ಕೂತು, ನಿಧಾನವಾಗಿ, ತುಟಿ ಕಾಣುವಂತೆ ಮಾತಾಡಿದಳು. ಸೊಂಟ ನೋವಿನಿಂದ ಹಿಡಿದು ಎಲ್ಲವನ್ನೂ ಹೊಸದಾಗಿ ಹೇಳಿದಳು. ಕಿವಿ ಡಾಕ್ಟರ ಹತ್ತಿರ ಹೋಗಲೇಬೇಕು ಅಂದಳು. ಅವನು ಎಲ್ಲಕ್ಕೂ ಹೂಂ ಅನ್ನಲಿಲ್ಲ. ಕಿವಿ ಡಾಕ್ಟರ ವಿಷಯಕ್ಕೆ ತಕರಾರು ತೆಗೆದ, ಕೊನೆಗೆ ಸೋತ. ಆಮೇಲೆ ಪ್ಯಾಕಿಂಗ್ ಬದಲಾಯಿಸಿ, ಇಂಜಿನ್ನು ಪೂರ್ತಿ ತಣಿಯುವ ತನಕ ಕಾದ. ಬಿಸಿಲು ಶೆಡ್ಡಿನಿಂದ ಹೊರಗೆ ಸರಿದ ಮೇಲೆ ಮತ್ತೆ ಇಂಜಿನ್ ಸ್ಟಾರ್ಟ್ ಮಾಡಿದ. ಅವಳು ರಬ್ಬರ್ ಕೊಳವೆಯನ್ನು ಕಿವಿಗಿಟ್ಟು ಅದೇ ಮೂಲೆಗೆ ಹಿಡಿದಳು.

ಅಷ್ಟರಲ್ಲಿ ಹೊರಗೆ ವ್ಯಾನು ಬಂದು ನಿಂತು ಹಾರ್ನ್ ಹಾಕಿತು. ಸ್ವಲ್ಪ ತಡೆದು ಇನ್ನೊಮ್ಮೆ, ಉದ್ದಕ್ಕೆ.

ಮೇಸ್ತ್ರಿ ಪರೀಕ್ಷೆ ಬರೆದ ಹುಡುಗನಂತೆ ಅವಳ ತುಟಿಯನ್ನೇ ನೋಡುತ್ತಿದ್ದ. "ಇನ್ನೂ ಏನಾದ್ರೂ ಸದ್ದು ಬರ್ತಿದೆಯಾ?"

ಅವಳು ಕಿವಿಯಿಂದ ಕೊಳವೆ ತೆಗೆಯದೆ, ಅವನಿಗೆ ಕಾಣುವಂತೆ ಬಿಡಿಸಿ ಬಿಡಿಸಿ ಹೇಳಿದಳು: "ಏನೂ ಇಲ್ಲ."